ಜೂನ್ ಒಂದಕ್ಕೆ ಹುಟ್ಟದವರ ಶಾಲೆ

ನನ್ನ ಸೋದರಮಾವನಿಗೆ ಇದ್ದದ್ದು ಒಂದೇ ದುರಭ್ಯಾಸ, ನಿಜ ಬರೆಯುವುದು. ಬೀಡಿಯೋ ಇಸ್ಪೀಟೋ ಆಗಿದ್ದರೆ ಹೇಗಾದರೂ ಬಿಡಿಸಬಹುದಿತ್ತು!

ಎಪ್ಪತ್ತರ ದಶಕದಲ್ಲಿ ಅವನು ಕೂಡ್ಲಿಗಿ ಕಡೆಯ ಒಂದು ಗುಡ್ಡದ ಮೇಲಿನ ಶಾಲೆಗೆ ಮೇಷ್ಟ್ರಾಗಿದ್ದ. ಪಾಠ ಹೇಳುವವನೂ ಅವನೇ, ಗಂಟೆ ಹೊಡೆಯುವವನೂ ಅವನೇ, ಕಸ ಗುಡಿಸುವವನೂ ಅವನೇ. ಇದ್ದದ್ದು ಒಂದು ಕೋಣೆ, ನಾಲ್ಕು ತರಗತಿ. ಮಳೆ ಬಂದರೆ ನಾಲ್ಕೂ ತರಗತಿಗಳು ಸೋರದ ಒಂದೇ ಮೂಲೆಗೆ ಪಾಸಾಗುತ್ತಿದ್ದವು. ತಮ್ಮ ಒಬ್ಬನೇ ಇದ್ದಾನೆ ಎಂದು ಅವ್ವ ನನ್ನನ್ನು ಹಗರಿಬೊಮ್ಮನಹಳ್ಳಿಯಿಂದ ಅಲ್ಲಿಗೆ ಓದಲು ಕಳಿಸಿದಳು. ನಾನು ಅವನನ್ನು ನೋಡಿಕೊಳ್ಳಲೆಂದೋ, ಅವನು ನನ್ನನ್ನು ನೋಡಿಕೊಳ್ಳಲೆಂದೋ, ಇಬ್ಬರಿಗೂ ಗೊತ್ತಿರಲಿಲ್ಲ.

ಆ ಕಾಲದಲ್ಲಿ ನಮ್ಮ ಕಡೆಯ ಮಕ್ಕಳೆಲ್ಲ ಜೂನ್ ಒಂದನೇ ತಾರೀಕೇ ಹುಟ್ಟುತ್ತಿದ್ದರು. ತಾಯಂದಿರು ಯಾವಾಗ ಹೆತ್ತರೇನು? ಶಾಲೆ ಶುರುವಾಗುವ ದಿನವನ್ನೇ ಹುಟ್ಟಿದ ದಿನವೆಂದು ಮೇಷ್ಟ್ರು ಬರೆದುಕೊಂಡರೆ ವಯಸ್ಸಿನ ಲೆಕ್ಕ ಸಲೀಸು. ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಎಲ್ಲಿ ನೋಡಿದರೂ ಇದೇ ಪವಾಡ. ಮಾವನಿಗೆ ಮಾತ್ರ ಇದು ಒಗ್ಗಲಿಲ್ಲ. ದಾಖಲಾತಿ ಪುಸ್ತಕವೇ ಶಾಲೆಯ ಚರಿತ್ರೆ, ಚರಿತ್ರೆಗೆ ಸುಳ್ಳು ಸೇರಿಸುವುದು ರಾಜರ ಕೆಲಸ, ಮೇಷ್ಟ್ರದ್ದಲ್ಲ ಎನ್ನುತ್ತಿದ್ದ.

ಹಾಗಾಗಿ ಹಳೆಯ ಪಂಚಾಂಗಗಳ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು ಕುರಿಗಾರರ ಹಟ್ಟಿಗೆ ಹೋಗಿ ಕೂರುತ್ತಿದ್ದ. ಮಗ ಹುಟ್ಟಿದ್ದು ಯಾವಾಗ ಎಂದರೆ ಮನೆಮಂದಿಯೆಲ್ಲ ಆಕಾಶ ನೋಡುತ್ತಿದ್ದರು. ಕಡೆಗೆ ಯಾರಾದರೂ ಅಜ್ಜಿ, “ನಮ್ಮ ಕೆಂಚಿ ಕುರಿ ಅವಳಿ ಈದಿತ್ತಲ್ರಿ, ಅದರ ಮರುದಿನ” ಅನ್ನುತ್ತಿದ್ದಳು. ಕುರಿ ಈದದ್ದು ಯಾವಾಗ? ಅದಕ್ಕೆ ಹತ್ತು ಸಾಕ್ಷಿ! ಮಾನವಮಿ ಹಬ್ಬ ಆಗಿ ಮೂರನೇ ದಿನ, ಹೊತ್ತು ಏರುವ ಮುಂಚೆ. ಮಾವ ಪಂಚಾಂಗ ಬಿಚ್ಚಿ ತಾರೀಕು ಹಿಡಿಯುತ್ತಿದ್ದ. ಹೀಗೆ ನಮ್ಮ ಶಾಲೆಯ ಚರಿತ್ರೆ ಕುರಿಗಳ ಹೆರಿಗೆಯನ್ನು ಆಧರಿಸಿ ರಚಿತವಾಯಿತು.

ಸ್ವಂತ ಸೊಸೆಯನ್ನಾದರೂ ಬಿಟ್ಟನೇ? ನನ್ನ ತಾರೀಕಿನ ಮೇಲೂ ಅನುಮಾನಪಟ್ಟು ಅವ್ವನಿಗೆ ಕಾರ್ಡು ಬರೆದ: “ಅಕ್ಕಾ, ನಿನ್ನ ಮಗಳ ವಿಷಯದಲ್ಲಿ ಈಗಲಾದರೂ ನಿಜ ತಿಳಿಸು.” ಕಾರ್ಡನ್ನು ಅಂಚೆಯವನು ಓದಿದ. ನಮ್ಮ ಓಣಿಯಲ್ಲಿ ಎಂಟು ದಿನ ಬೇರೆ ಸುದ್ದಿಯೇ ಇರಲಿಲ್ಲ. ಅಪ್ಪ ಮಾವನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದರು.

ಒಮ್ಮೆ ಇನ್ಸ್‌ಪೆಕ್ಟರ್ ಸಾಹೇಬರು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದರು. ಪುಸ್ತಕ ತಿರುವಿದವರಿಗೆ ಒಂದೇ ಸಮ ಬೆರಗು. ಇಡೀ ತಾಲೂಕೇ ಜೂನ್ ಒಂದಕ್ಕೆ ಹುಟ್ಟಿರುವಾಗ ನಿಮ್ಮ ಗುಡ್ಡದ್ದೇನು ಬೇರೆ ದಾರಿ, ಇದರಲ್ಲೇನೋ ಗೋಲ್‌ಮಾಲ್ ಇದೆ ಎಂದರು.

“ಸಾಹೇಬ್ರು ಹುಟ್ಟಿದ್ದು ಯಾವಾಗ್ರಿ?” ಎಂದ ಮಾವ, ಬಹಳ ವಿನಯದಿಂದ.

ಸಾಹೇಬರು ಪುಸ್ತಕ ಮುಚ್ಚಿ, “ಜೂನ್ ಒಂದು” ಎಂದರು. ಚಹಾ ಕುಡಿಯದೆ ಗುಡ್ಡ ಇಳಿದರು. ಆ ವರ್ಷ ಬರಬೇಕಿದ್ದ ಹೊಸ ಹೆಂಚು ಬರಲಿಲ್ಲ. ಸತ್ಯ ಹೇಳಿದವನು ಮಾವ, ನೆನೆದವರು ನಾವು!

ನಾನು ಮೂರನೇ ತರಗತಿಯಲ್ಲಿದ್ದಾಗ ನಾಲ್ಕನೆಯದರಲ್ಲಿ ಮಾಳವ್ವ ಎಂಬ ಹುಡುಗಿ ಇದ್ದಳು. ಅವಳನ್ನು ಹೆತ್ತ ದಿನವೇ ತಾಯಿ ತೀರಿಕೊಂಡಿದ್ದಳು. ಓದಿನಲ್ಲಿ ನಮ್ಮೆಲ್ಲರಿಗಿಂತ ಮುಂದೆ. ಐದನೆಯದಕ್ಕೆ ಕೂಡ್ಲಿಗಿಯ ಹಾಸ್ಟೆಲಿಗೆ ಹೋಗಬೇಕಿತ್ತು, ಅಲ್ಲಿಯವರೋ ಜೂನ್ ಒಂದಕ್ಕೆ ಹತ್ತು ತುಂಬಿರಬೇಕು ಅಂದರು. ಮಾವನ ಪುಸ್ತಕದ ಪ್ರಕಾರ ಅವಳಿಗೆ ಹತ್ತು ತುಂಬುವುದು ಗೌರಿ ಹುಣ್ಣಿಮೆ ಕಳೆದ ಎರಡನೇ ದಿನ, ಅಂದರೆ ನವೆಂಬರಿನಲ್ಲಿ. ಅವಳಪ್ಪ ಬಂದು ಬಾಗಿಲಲ್ಲಿ ನಿಂತ. ಹಾಸ್ಟೆಲು ಸಿಗದಿದ್ದರೆ ಕುರಿಯ ಹಿಂದೆ ಕರೆದುಕೊಂಡು ಹೋಗುತ್ತೇನೆ, ಆಮೇಲೆ ಇವಳಿಗೆ ಶಾಲೆ ಎಲ್ಲಿಯದು, ಎಲ್ಲರಿಗೂ ಬರೆಯುವ ತಾರೀಕನ್ನೇ ಬರೆಯಿರಿ ಎಂದು ಕೈ ಮುಗಿದ.

ಇನ್ಸ್‌ಪೆಕ್ಟರಿಗೆ ಬಗ್ಗದ ಮಾವ ಅಂದು ಪುಸ್ತಕ ತೆಗೆದ. ಪೆನ್ನಿನ ಮುಚ್ಚಳ ಬಿಚ್ಚಿದ. ಆಗ ಮಾಳವ್ವ ಎದ್ದು ನಿಂತಳು.

“ಹೊಡದು ಹಾಕಬ್ಯಾಡ್ರಿ ಸಾರ್. ನಮ್ಮವ್ವ ಸತ್ತ ದಿನ ಅದು. ಬ್ಯಾರೆ ಎಲ್ಲೂ ಬರದಿಟ್ಟಿಲ್ಲ.”

ಮಾವ ಪೆನ್ನು ಕೆಳಗಿಟ್ಟ. ನಮಗೆ ಆಟಕ್ಕೆ ಬಿಟ್ಟು, ಅವಳಪ್ಪನ ಜೊತೆ ಬೇವಿನ ಮರದಡಿ ಮಧ್ಯಾಹ್ನದವರೆಗೂ ಕೂತ. ಒಂದು ವರ್ಷ ಹುಡುಗಿಯನ್ನು ತನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಒಪ್ಪಿಸಿದ. ಮಾಳವ್ವ ಮತ್ತೊಮ್ಮೆ ನಾಲ್ಕನೇ ತರಗತಿಯಲ್ಲೇ, ಈ ಸಲ ನನ್ನ ಪಕ್ಕ ಕೂತಳು. ಮರುವರ್ಷ ಹಾಸ್ಟೆಲಿಗೂ ಸೇರಿದಳು.

ಆದರೆ ನನಗೆ ಮರೆಯಲಾಗದ್ದು ನಡುವಿನ ಆ ನವೆಂಬರ್. ಹುಣ್ಣಿಮೆ ಕಳೆದ ಎರಡನೇ ದಿನ ಮಾವ ತಾನೇ ಹೋಳಿಗೆ ಮಾಡಿ, ಮಾಳವ್ವನ ಕೈಯಿಂದ ಅವಳ ಅವ್ವನಿಗೆ ಎಡೆ ಇಡಿಸಿದ. ಆಮೇಲೆ ದಾಖಲಾತಿ ಪುಸ್ತಕ ತಂದು ನಿಮ್ಮವ್ವನ ಹೆಸರೇನು ಎಂದು ಕೇಳಿದ. ದುರುಗವ್ವ ಎಂದಳು. ತಂದೆಯ ಹೆಸರಿಗಷ್ಟೇ ಜಾಗವಿದ್ದ ಆ ಹಾಳೆಯ ಅಂಚಿನಲ್ಲಿ ಮಾವ ಅದನ್ನು ದುಂಡಗೆ ಬರೆದ, ಮತ್ತೆ ಅವಳ ಕಡೆ ತಿರುಗಿಸಿ, ಸರಿ ಇದೆಯೇ ನೋಡಮ್ಮ ಎಂದ.