ಗೋಡೆಯ ಮೇಲೆ ನಡೆದ ಮಾಸ್ತರರು

ಈ ಸಂಗತಿಯನ್ನು ಹೇಳಬೇಕೆಂದು ಅರುವತ್ತು ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ. ಮದುವೆಯಾಗಲಿ, ಆಮೇಲೆ ಹೇಳೋಣ ಎಂದುಕೊಂಡೆ. ಮದುವೆಯಾದ ಮೇಲೆ ಮಾತನಾಡುವ ಸರದಿಯೇ ನನಗೆ ಬರಲಿಲ್ಲ. ಪೆನ್ಶನ್ ಬರಲಿ ಎಂದುಕೊಂಡೆ. ಅಷ್ಟರಲ್ಲಿ ಕೇಳುವವರಿಗೆ ಕಿವುಡು ಬಂದಿತ್ತು. ಈಗ ಹಲ್ಲುಗಳೂ ಹೋಗಿವೆ. ಮಾತನ್ನು ತಡೆಯಲು ಬಾಯಲ್ಲಿ ಏನೂ ಉಳಿದಿಲ್ಲ.

ನಾನು ಗೋಕಾಕದಲ್ಲಿ ಮ್ಯಾಟ್ರಿಕ್ ಓದುತ್ತಿದ್ದಾಗ ನಮ್ಮ ಹೆಡ್ ಮಾಸ್ತರರು ಒಂದು ಏರ್ಪಾಡು ಮಾಡಿದರು. ಶನಿವಾರ ಮಧ್ಯಾಹ್ನ ನಾವು ದೊಡ್ಡ ಹುಡುಗರು ಸುತ್ತಲಿನ ಕನ್ನಡ ಸಾಲಿಗಳಿಗೆ ಹೋಗಿ, ಚಿಕ್ಕ ಮಕ್ಕಳಿಗೆ ಪುಸ್ತಕದಲ್ಲಿ ಇಲ್ಲದ್ದನ್ನು ತೋರಿಸಿ ಬರಬೇಕು. ನನ್ನ ಪಾಲಿಗೆ ಕೊಣ್ಣೂರಿನ ಹಾದಿಯ ಒಂದು ಹಳ್ಳಿ ಬಂತು. ಒಂದೇ ಕೋಣೆ, ಒಬ್ಬರೇ ಮಾಸ್ತರರು. ಬಡಕಲು ಮೈ, ಮೆತ್ತಗಿನ ದನಿ. ಅವರು ಬಂದದ್ದೂ ಹೋದದ್ದೂ ತಿಳಿಯುತ್ತಿರಲಿಲ್ಲ. ಯುದ್ಧದ ಕಾಲ, ದೀಪ ಹಚ್ಚಿ ಏನಾದರೂ ತೋರಿಸೋಣವೆಂದರೆ ಸೀಮೆಎಣ್ಣೆ ಇಲ್ಲ. ಖರ್ಚಿಲ್ಲದೆ ತೋರಿಸಬಹುದಾದದ್ದು ಬಿಸಿಲೊಂದೇ. ಬಾಗಿಲು ಕಿಟಕಿ ಮುಚ್ಚಿಸಿ, ಸಂದಿಗಳಿಗೆ ಗೋಣಿಚೀಲ ತುರುಕಿ, ಕಿಟಕಿಯ ಹಲಗೆಯಲ್ಲಿ ಗಂಟು ಉದುರಿದ್ದ ಒಂದು ತೂತನ್ನಷ್ಟೇ ಬಿಟ್ಟೆ. ಎದುರು ಗೋಡೆಯ ಮೇಲೆ ಹೊರಗಿನ ಅಂಗಳವೆಲ್ಲ ತಲೆಕೆಳಗಾಗಿ ಮೂಡಿತು. ಬೇವಿನ ಮರ ಸೂರಿನಿಂದ ಜೋತುಬಿತ್ತು. ಎತ್ತೊಂದು ಕಾಲು ಮೇಲೆ ಮಾಡಿ ಸದ್ದಿಲ್ಲದೆ ನಡೆದುಹೋಯಿತು. ಹೊರಗೆ ಅಡ್ಡಾಡಿರೆಂದು ಮಾಸ್ತರರನ್ನು ಕೇಳಿಕೊಂಡಿದ್ದೆ. ಪಾಪ, ಕೊಡೆ ಹಿಡಿದು ಅಡ್ಡಾಡಿದರು. ಪಾದ ಮೇಲೆ, ಕೊಡೆ ಕೆಳಗೆ.

ಮಕ್ಕಳು ಗದ್ದಲ ಎಬ್ಬಿಸಿದರು. ಬೆಳಕು ಹೇಗೆ ಓಡುತ್ತದೆಂದು ನಾನು ಬಾಯಿಪಾಠ ಮಾಡಿ ಬಂದದ್ದು ಯಾರಿಗೂ ಬೇಡವಾಯಿತು. ಸಿಟ್ಟು ಬಂತು.

“ಸುಮ್ನ ಕುಂದರ್ರಿ. ಗ್ವಾಡಿ ಮ್ಯಾಲ ಹಿಂಗ ನಡಿಯೋರು ಸತ್ತೋರು.”

ಕೋಣೆ ತಣ್ಣಗಾಯಿತು. ಕತ್ತಲಲ್ಲಿ ಒಬ್ಬ ಹುಡುಗಿ ಕೇಳಿದಳು, “ಹಂಗಾದ್ರ ನಮ್ಮ ಮಾಸ್ತರ್ರು?”

“ಅವರಿಗಿನ್ನೂ ಗೊತ್ತಾಗಿಲ್ಲ,” ಅಂದೆ.

ಎತ್ತಿನ ಗತಿಯೇನೆಂದು ಯಾರಾದರೂ ಕೇಳಿದ್ದರೆ ನನ್ನ ಸುಳ್ಳು ಅಲ್ಲೇ ಒಡೆಯುತ್ತಿತ್ತು. ಯಾರೂ ಕೇಳಲಿಲ್ಲ.

ಮುಂದಿನ ಶನಿವಾರ ಸಾಲಿಯಲ್ಲಿ ನಾಲ್ಕೇ ಮಕ್ಕಳು. ಅವರೂ ಮಾಸ್ತರರ ಮುಖ ಬಿಟ್ಟು ಪಾದ ನೋಡುತ್ತಿದ್ದರು, ಹಿಂದುಮುಂದಾಗಿವೆಯೋ ಎಂದು. ಕುರ್ಚಿಯ ಸುತ್ತ ಯಾರೋ ವಿಭೂತಿಯ ಗೆರೆ ಎಳೆದಿದ್ದರು. ತಾಯಂದಿರು ಮಕ್ಕಳನ್ನು ಕಳಿಸುತ್ತಿಲ್ಲ, ಹೀಗೇ ಆದರೆ ಸಾಲಿ ಮುಚ್ಚುತ್ತದೆ ಎಂದರು ಮಾಸ್ತರರು. ಬೈಯಲಿಲ್ಲ. ಗೆರೆಯನ್ನು ದಾಟದೆ ಒಳಗೇ ನಿಂತು ಹೇಳಿದರು:

“ತಮ್ಮಾ, ಹುಡುಗೂರು ನಿನ್ನ ಮಾತ ಕೇಳ್ತಾವ. ಮಾಸ್ತರ ಜೀವಂತ ಅದಾರ ಅಂತ ಒಂದ್ ಮಾತ ಹೇಳಿಬಿಡಪಾ.”

ಒಂದೇ ಮಾತು. ಆದರೆ ನನ್ನ ಪಾಠವನ್ನು ಹೆಡ್ ಮಾಸ್ತರರು ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ಹೊಗಳಿದ್ದರು; ಸುಳ್ಳು ಒಪ್ಪಿಕೊಂಡರೆ ಆ ಹೊಗಳಿಕೆ ಉಳಿಯುತ್ತಿರಲಿಲ್ಲ. ಮುಂದಿನ ಶನಿವಾರ ಹೇಳುತ್ತೇನೆ ಅಂದೆ. ಆ ಶನಿವಾರ ಹೊಟ್ಟೆನೋವೆಂದು ನೆಪ ಹೇಳಿ ಗೋಕಾಕ ಫಾಲ್ಸ್ ನೋಡಲು ಹೋದೆ. ಅದರ ಮುಂದಿನ ಶನಿವಾರ ಸಾಲಿಗೆ ಬೀಗ. ಮಾಸ್ತರರು ಹುಕ್ಕೇರಿ ಕಡೆ ಹೋದರೆಂದು ಒಬ್ಬ ಹೇಳಿದ. ಅವರು ಹೋದದ್ದನ್ನು ಕಂಡವರೇ ಇಲ್ಲವೆಂದು ಇನ್ನೊಬ್ಬ.

ಈಗ ನನ್ನ ಕೋಣೆಯ ಕಿಟಕಿಯಲ್ಲೂ ಒಂದು ತೂತಿದೆ. ಮಧ್ಯಾಹ್ನ ಮಲಗಿದರೆ ಬೀದಿಯ ಜನ ಕಾಲು ಮೇಲೆ ಮಾಡಿ ಗೋಡೆಯ ಮೇಲೆ ಹೋಗುತ್ತಾರೆ. ಬೆಳಕಿನ ನಿಯಮ ನನಗೆ ಇನ್ನೂ ಬಾಯಿಪಾಠವಿದೆ. ಆದರೂ ಕೊಡೆ ಹಿಡಿದವರು ಕಂಡರೆ ಎದ್ದು ಕೂತು ಪಾದ ನೋಡುತ್ತೇನೆ. ತೂತಿಗೆ ಬಟ್ಟೆ ತುರುಕಲು ಮೊಮ್ಮಗಳು ಬಂದರೆ ಬೇಡವೆನ್ನುತ್ತೇನೆ. ಮಾಸ್ತರರು ಬದುಕಿದ್ದಾರೆ ಎಂದು ಇವತ್ತು ಹೇಳಹೊರಟರೆ ಅದೂ ಸುಳ್ಳೇ ಆದೀತು. ಅವರ ಹೆಸರನ್ನಾದರೂ ಹೇಳುತ್ತೇನೆ, ಇದಕ್ಕೂ ಮುಂದಿನ ಶನಿವಾರ ಬೇಡ: ಈರಬಸಪ್ಪ ಮಾಸ್ತರರು.