ಮೋಡಪ್ಪನ ಮೂರು ವರ್ಷದ ಹಿಂದಿನ ಮಳೆ

ಕಾಫಿಯ ಕೊನೆಯ ಗುಟುಕಿಗೆ ಸರಿಯಾಗಿ ಭಾವಮೈದುನ ಆ ಮಾತು ಆಡಿದ.

“ಭಾವ, ಇವತ್ತು ಐದು ಗಂಟೆಗೆ ನಮ್ಮ ಎರಡನೇ ಅಂಗಡಿ ಶುರು. ರಿಬ್ಬನ್ ಕತ್ತರಿಸೋಕೆ ಹಲ್ಲಿನ ಡಾಕ್ಟರ್‌ಗೆ ಹೇಳಿದೀನಿ. ನಿಮಗ್ಯಾಕೆ ತೊಂದರೆ, ಮಳೆ ಗಿಳೆ ಬಂದ್ರೆ?”

ಅಡುಗೆಮನೆಯಲ್ಲಿ ಹೆಂಡತಿ ಕಿಸಕ್ಕೆಂದಳು. ಮೋಡಪ್ಪನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು.

ಮೂರು ವರ್ಷದ ಹಿಂದೆ ಭಾವಮೈದುನನ ಮೊದಲ ಕನ್ನಡಕದಂಗಡಿಗೆ ಮೋಡಪ್ಪನೇ ರಿಬ್ಬನ್ ಕತ್ತರಿಸಬೇಕಿತ್ತು. ದಾರಿಯಲ್ಲಿ ಮಳೆ ಹಿಡಿಯಿತು. ಸಂಜೆ ನಾಲ್ಕರಿಂದ ಒಂಬತ್ತರವರೆಗೆ ಬಸ್ ನಿಲ್ದಾಣದಲ್ಲಿ ನೆನೆದ ಬೆಕ್ಕಿನ ಹಾಗೆ ನಿಂತಿದ್ದ. ಅಂಗಡಿಯ ಬೀದಿಯಲ್ಲಿ ಮಾತ್ರ ಒಂದು ಹನಿಯೂ ಬೀಳಲಿಲ್ಲ. ಕಾದು ಕಾದು ಕೊನೆಗೆ ಪಕ್ಕದ ಸೈಕಲ್ ಅಂಗಡಿಯವನ ಕೈಗೆ ಕತ್ತರಿ ಕೊಟ್ಟರು. ಅಂದಿನಿಂದ ನೆಂಟರಲ್ಲಿ ಯಾರು ನೆಪ ಹೇಳಿದರೂ ಅದಕ್ಕೆ ‘ಮೋಡಪ್ಪನ ಮಳೆ’ ಎಂದೇ ಹೆಸರು.

ಇದನ್ನು ಯಾರು ಬೇಕಾದರೂ ಸಹಿಸಿಯಾರು, ಹವಾಮಾನ ಕಚೇರಿಯ ನೌಕರ ಹೇಗೆ ಸಹಿಸಿಯಾನು? ಉಪಗ್ರಹ ಅರ್ಧ ಗಂಟೆಗೊಂದರಂತೆ ಕಳಿಸಿದ ಹಳೆಯ ಚಿತ್ರಗಳನ್ನು ಒಂದರ ಹಿಂದೊಂದು ಪೋಣಿಸಿ, ಪರದೆಯ ಮೇಲೆ ಮೋಡ ನಡೆಯುವ ಹಾಗೆ ಮಾಡುವುದೇ ಅವನ ಕೆಲಸ. ಮೋಡಪ್ಪ ಎಂಬ ಹೆಸರು ಬಂದದ್ದೂ ಅದರಿಂದಲೇ.

“ಸುಳ್ಳಾ? ನಾನಾ?” ಲೋಟ ಕುಕ್ಕಿದ. “ಉಪಗ್ರಹಕ್ಕೆ ಭಾವನೂ ಇಲ್ಲ, ಭಾವಮೈದುನನೂ ಇಲ್ಲ ಕಣಯ್ಯಾ. ಅದು ಸುಳ್ಳು ಹೇಳಲ್ಲ! ಇವತ್ತೇ ಆ ದಿನದ ಮೋಡ ತಂದು ನಿನ್ನ ಕಣ್ಣೆದುರಿಗೇ ಓಡಿಸ್ತೀನಿ.”

“ಓಡ್ಸಿ ಭಾವ. ನಾಲ್ಕರೊಳಗೆ ತೋರಿಸಿದ್ರೆ ಕತ್ತರಿ ನಿಮ್ಮ ಕೈಗೆ.”

ತಾರೀಖು ಯಾವುದು? ಹೆಂಡತಿ ಅಡುಗೆಮನೆಯ ಮೊಳೆಗೆ ಒಂದರ ಮೇಲೊಂದು ನೇತುಹಾಕಿದ್ದ ಹಳೆಯ ಕ್ಯಾಲೆಂಡರುಗಳನ್ನು ಮಗುಚಿದಳು. “ಒಂಬತ್ತು. ಇಲ್ಲಿ ಪುಟ್ಟದೊಂದು ಕೊಡೆ ಬರೆದಿದೀನಿ.”

“ನೋಡು! ನಿಮ್ಮಕ್ಕನೇ ಸಾಕ್ಷಿ!” ಎಂದು ಮೋಡಪ್ಪ ಚಪ್ಪಲಿ ಮೆಟ್ಟಿದ. ಕೊಡೆ ಯಾಕೆ ಬರೆದೆ ಎಂದು ಕೇಳುವಷ್ಟು ತಾಳ್ಮೆ ಅವನಿಗೆಲ್ಲಿತ್ತು?

ಕಚೇರಿಗೆ ರಜೆ. ಹಳೆಯ ಚಿತ್ರಗಳನ್ನು ಕಾಯುವ ಉಗ್ರಾಣಿ ಹಿಂದಿನ ಕೋಣೆಯಲ್ಲೇ ವಾಸ. ಬನಿಯನ್ನಿನಲ್ಲೇ ಬಾಗಿಲು ತೆಗೆದ. “ರಜಾ ದಿನ ಮೋಡ ಕೇಳ್ಕೊಂಡು ಬರೋನು ನೀನೊಬ್ನೇ ಮಾರಾಯ.” ಕತೆ ಕೇಳಿದ ಮೇಲೆ ಅವನಿಗೂ ಪಿತ್ತ ಕೆರಳಿತು. “ನಮ್ಮ ಇಲಾಖೆಗೇ ಅವಮಾನ! ಒಂದು ದಿನ ಯಾಕೆ, ಮೂರು ವರ್ಷದ್ದೂ ತಗೊಂಡ್ಹೋಗು!” ಎಂದು ಅಂಗೈಯಗಲದ ಡಿಸ್ಕಿಗೆ ಎಲ್ಲವನ್ನೂ ತುಂಬಿಕೊಟ್ಟ. ಮೋಡಪ್ಪನ ಕಣ್ಣಲ್ಲಿ ನೀರೇ ಬಂತು.

ಅವನು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಕೆಳಮನೆಗೂ ಮುಟ್ಟಿತ್ತು. ಅಲ್ಲಿನ ನಿವೃತ್ತ ಮೇಷ್ಟ್ರು ತಮ್ಮ ಕುರ್ಚಿಯನ್ನು ತಾವೇ ಹೊತ್ತು ತಂದು ಕಂಪ್ಯೂಟರ್ ಮುಂದೆ ಕೂತಿದ್ದರು.

ಮೊದಲ ಸಲ ಓಡಿಸಿದಾಗ ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯಿತು.

“ಮಳೆ ಎಲ್ಲಪ್ಪಾ?” ಎಂದರು ಮೇಷ್ಟ್ರು.

“ಉಪಗ್ರಹದ ಗಡಿಯಾರ ಬೇರೆ ಸಾರ್, ನಮ್ಮ ಗೋಡೆ ಗಡಿಯಾರ ಬೇರೆ! ಅದು ಐದೂವರೆ ಗಂಟೆ ಹಿಂದೆ, ಕೋಪದಲ್ಲಿ ಕೂಡೋದು ಮರೆತೆ.”

ಎರಡನೆಯ ಸಲ ಮೋಡ ಬಂತು. ಆದರೆ ಊರಿಂದ ಸಮುದ್ರಕ್ಕೆ, ಸಮುದ್ರದಿಂದ ಗುಡ್ಡಕ್ಕೆ ಛಂಗನೆ ಹಾರಿತು.

“ಇದು ಮೋಡನಾ ಕಪ್ಪೆನಾ ಭಾವ?”

ಕಂಪ್ಯೂಟರು ಒಂದನೇ ಚಿತ್ರ ಆದಮೇಲೆ ಹತ್ತು, ಹನ್ನೊಂದು ತೋರಿಸಿ, ಆಮೇಲೆ ಎರಡಕ್ಕೆ ಬಂದಿತ್ತು. ಮೋಡಪ್ಪ ಹಲ್ಲು ಕಡಿಯುತ್ತ ಎಲ್ಲವನ್ನೂ ಕೈಯಲ್ಲೇ ಸಾಲಾಗಿ ಜೋಡಿಸಿದ. ಗಂಟೆ ಮೂರೂಮುಕ್ಕಾಲು.

ಮೂರನೆಯ ಸಲ ಸಮುದ್ರದ ಕಡೆಯಿಂದ ಬೆಳ್ಳನೆಯ ಮೋಡವೊಂದು ತೂಗಾಡುತ್ತ ಬಂದು, ಸರಿಯಾಗಿ ನಾಲ್ಕು ಗಂಟೆಗೆ ಬಸ್ ನಿಲ್ದಾಣದ ಕಡೆ ತಳವೂರಿತು. ಒಂಬತ್ತರವರೆಗೆ ಮಿಸುಕಲಿಲ್ಲ.

ಭಾವಮೈದುನ ಎದ್ದು, ಚೀಲದಿಂದ ಕತ್ತರಿ ತೆಗೆದು ಮೇಜಿನ ಮೇಲಿಟ್ಟು ಕೈಮುಗಿದ. “ತಪ್ಪಾಯ್ತು ಭಾವ. ಕತ್ತರಿ ನಿಮ್ಮದು.”

ಮೋಡಪ್ಪ ಎದೆಯುಬ್ಬಿಸಿ ಕತ್ತರಿಗೆ ಕೈ ಚಾಚಿದ. ಅಷ್ಟರಲ್ಲಿ ಹೆಂಡತಿ ಕ್ಯಾಲೆಂಡರುಗಳನ್ನೆಲ್ಲ ತಂದು ಅವನ ಮಡಿಲಿಗೆ ಹಾಕಿದಳು.

“ಇದು ಒಂದು ಕೊಡೆ ಆಯ್ತು. ಇನ್ನೂ ಇಪ್ಪತ್ತೊಂದು ಇದಾವೆ. ಮಳೆಗೆ ಸಿಕ್ಕಾಕ್ಕೊಂಡೆ, ಲೇಟಾಗುತ್ತೆ ಅಂತ ನೀವು ಫೋನ್ ಮಾಡಿದ ದಿನಗಳು. ಡಿಸ್ಕಲ್ಲಿ ಎಲ್ಲಾ ಇದೆ ಅಲ್ವಾ?”

“ಇ... ಇದೆ.”

“ಉಪಗ್ರಹ ಸುಳ್ಳು ಹೇಳಲ್ಲ ಅಲ್ವಾ? ನಮ್ಮಮ್ಮನ ಕಣ್ಣಿನ ಆಪರೇಷನ್ ದಿನದ್ದು ಹಾಕಿ.”

ಮೇಷ್ಟ್ರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

ಆ ದಿನ ಆಕಾಶ ಶುಭ್ರ. ಅವಳ ಹುಟ್ಟುಹಬ್ಬದ ದಿನ ಇನ್ನೂ ಶುಭ್ರ. ಮೂರನೆಯದರಲ್ಲಿ ಮೋಡಪ್ಪನಿಗೆ ಜೀವ ಬಂತು: “ಅಲ್ನೋಡು, ಆ ಮೂಲೇಲಿ ಕಪ್ಪಗೆ...”

“ಅದು ನೊಣ,” ಎಂದು ಮೇಷ್ಟ್ರು ಪರದೆಯನ್ನು ಟವೆಲಿನಿಂದ ಝಾಡಿಸಿದರು.

ಹೆಂಡತಿ ಕತ್ತರಿಯನ್ನೂ ಬಿಸಿಲಿಗೆಂದು ಮನೆಯ ಒಂದೇ ಕೊಡೆಯನ್ನೂ ಕೈಗೆತ್ತಿಕೊಂಡಳು. “ರಿಬ್ಬನ್ ನಾನೇ ಕತ್ತರಿಸ್ತೀನಿ. ಉಳಿದ ಹದಿನೆಂಟನ್ನೂ ಪೋಣಿಸಿಟ್ಟು ಐದಕ್ಕೆ ಬನ್ನಿ, ಚಪ್ಪಾಳೆಗಾದ್ರೂ ಆಗ್ತೀರಿ.” ಅಕ್ಕ, ತಮ್ಮ, ಮೇಷ್ಟ್ರು ಮೂವರೂ ಆಟೋ ಹತ್ತಿದರು.

ನಾಲ್ಕೂವರೆಗೆ ಕಿಟಕಿ ಕಪ್ಪಾಯಿತು. ಗುಡುಗಿತು. ಬಾನಿಗೇ ತೂತು ಬಿದ್ದಂತೆ ಸುರಿದು ಬೀದಿಯೆಲ್ಲ ಹೊಳೆಯಾಯಿತು. ಮೆಟ್ಟಿಲು ಇಳಿಯುವಷ್ಟರಲ್ಲೇ ಮೋಡಪ್ಪ ತೊಯ್ದು ತೊಪ್ಪೆಯಾದ. ಭಾವಮೈದುನನಿಗೆ ಫೋನ್ ಹಚ್ಚಿದ.

“ಲೋ, ಆಣೆ ಮಾಡಿ ಹೇಳ್ತೀನಿ ಕಣೋ! ಇಲ್ಲಿ ನಿಜವಾಗ್ಲೂ ಮಳೆ! ಬರೋಕಾಗ್ತಿಲ್ಲ!”

ಆ ಕಡೆ ಅಂಗಡಿಗೆ ಅಂಗಡಿಯೇ ಗೊಳ್ಳೆಂದಿತು.

“ಇಲ್ಲಿ ಒಂದು ಹನಿನೂ ಇಲ್ವಲ್ಲ ಭಾವ,” ಎಂದ ಭಾವಮೈದುನ. “ಒಂದ್ನಿಮಿಷ ಇರಿ, ಅಕ್ಕ ಪೆನ್ಸಿಲ್ ಕೇಳ್ತಿದಾಳೆ.”