ದೊಡ್ಡಪ್ಪನ ಆಕಾಶಮಾರ್ಗ

ದೇಶದ ಯಾವ ಎರಡು ವಿಮಾನ ನಿಲ್ದಾಣಗಳ ಹೆಸರು ಹೇಳಿದರೂ ನಮ್ಮ ದೊಡ್ಡಪ್ಪ ನಡುವಿನ ದೂರವನ್ನೂ ಹಾರಾಟದ ಸಮಯವನ್ನೂ ಥಟ್ಟನೆ ಹೇಳಿಬಿಡುತ್ತಾರೆ. ಇಷ್ಟು ಬಲ್ಲವರು ಎಷ್ಟು ಸಲ ವಿಮಾನ ಹತ್ತಿರಬಹುದು? ಒಂದು ಸಲವೂ ಇಲ್ಲ!

ಅವರ ಮನೆ ಜೀವನ್ ಬಿಮಾ ನಗರದಲ್ಲಿ. ಹಳೆಯ ವಿಮಾನ ನಿಲ್ದಾಣ ನಡೆಯುತ್ತಿದ್ದ ಕಾಲದಲ್ಲಿ, ಮಹಡಿಯ ಮೇಲೆ ಒಣಹಾಕಿದ ಅವರ ಪಂಚೆಗೆ ತಾಗುವಷ್ಟು ಕೆಳಗೆ ವಿಮಾನಗಳು ಹಾರುತ್ತಿದ್ದವು. ಆ ಒಂದು ನೆಂಟಸ್ತಿಕೆಯಿಂದ ಇಡೀ ಆಕಾಶವೇ ತಮ್ಮ ಪಿತ್ರಾರ್ಜಿತ ಎಂದುಕೊಂಡಿದ್ದರು.

ಹಲಸೂರಿನ ಹೂವಿನಾಕೆ ಒಮ್ಮೆ, "ಮಗಳು ದಿಲ್ಲಿಗೆ ಹೋಗ್ತಾವ್ಳೆ ಸಾರ್" ಎಂದಳು.

"ಸಾವಿರದ ಏಳ್ನೂರು ಕಿಲೋಮೀಟರು. ಎರಡೂ ಮುಕ್ಕಾಲು ಗಂಟೆ."

"ಅವ್ಳು ಟ್ರೈನಲ್ಲಿ ಹೋಗೋದು ಸಾರ್."

ದೊಡ್ಡಪ್ಪ ಹೂವನ್ನೇ ಕೊಳ್ಳದೆ ಮುಖ ಊದಿಸಿಕೊಂಡು ಬಂದರು.

ನಾನು ಗೆಳೆಯನ ಮದುವೆಗೆ ಮಂಗಳೂರಿಗೆ ಹೊರಟಾಗ, "ಒಂದೇ ಗಂಟೆ ಕಣೋ, ಆರಾಮಾಗಿ ಹೋಗು" ಎಂದಿದ್ದರು. ಆರಾಮಾಗಿಯೇ ಹೊರಟೆ. ಏರ್‌ಪೋರ್ಟಿನ ದಾರಿಯಲ್ಲಿ ಕೆ.ಆರ್. ಪುರದ ಸೇತುವೆಯ ಹತ್ತಿರ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ನಿಂತೆ. ವಿಮಾನ ಹೋಯಿತು, ಮುಹೂರ್ತವೂ ಹೋಯಿತು. ಫೋನಿನಲ್ಲಿ ರೇಗಿದರೆ, "ನಾನು ಹೇಳಿದ್ದು ಏರ್‌ಪೋರ್ಟಿಂದ ಏರ್‌ಪೋರ್ಟಿಗೆ. ಕೆ.ಆರ್. ಪುರ ನನ್ನ ಸಬ್ಜೆಕ್ಟಲ್ಲ" ಎಂದರು.

"ನೀವ್ಯಾಕೆ ಒಂದ್ಸಲಾನೂ ಹತ್ತಿಲ್ಲ?" ಎಂದು ಕೇಳಿದೆ.

"ಲೆಕ್ಕ ಗೊತ್ತಿರೋನು ಯಾಕೋ ಹತ್ಬೇಕು?"

ನಿಜ ಸಂಗತಿ ಬೇರೆ. ಇಂದಿರಾನಗರದ ಅಂಗಡಿಗಳಲ್ಲಿ ಲಿಫ್ಟ್ ಕಂಡರೂ ಅವರು ಮೆಟ್ಟಿಲು ಹುಡುಕುವವರು.

ಕಳೆದ ತಿಂಗಳು ಕೋಲ್ಕತ್ತದಿಂದ ಫೋನು ಬಂತು. ದೊಡ್ಡಪ್ಪನ ಒಬ್ಬಳೇ ತಂಗಿ, ನನ್ನ ಅತ್ತೆ, ಅಲ್ಲಿ ಸಂಗೀತ ಹೇಳಿಕೊಡುತ್ತಾ ಒಬ್ಬರೇ ಇದ್ದಾರೆ. ಮೆಟ್ಟಿಲಿನಿಂದ ಬಿದ್ದು ಎರಡೂ ಕೈ ಮುರಿದುಕೊಂಡಿದ್ದರು. ನಾನು ರೈಲಿನ ಟಿಕೆಟ್ ನೋಡತೊಡಗಿದೆ.

"ರೈಲು ಬೇಡ. ಅಷ್ಟು ಹೊತ್ತು ಅವಳು ಕಾಯೋದು ಬೇಡ" ಎಂದರು ದೊಡ್ಡಪ್ಪ.

ವಿಮಾನ ಮೇಲೇಳುವಾಗ ಕಣ್ಣು ಮುಚ್ಚಿ ನನ್ನ ಮುಂಗೈಯನ್ನು ಉಗುರು ನಾಟುವಂತೆ ಹಿಡಿದಿದ್ದರು. ಪಕ್ಕದವರು ಪಾಪ, ಏನೂ ಅರಿಯದೆ, "ಕೋಲ್ಕತ್ತಕ್ಕೆ ಎಷ್ಟೊತ್ತಾಗತ್ತೆ ಸಾರ್?" ಎಂದು ಅವರನ್ನೇ ಕೇಳಿದರು.

"ದೇವರಿಗೇ ಗೊತ್ತು" ಎಂದರು ನಮ್ಮ ಪಂಡಿತರು.

ಅತ್ತೆ ಮಂಚದ ಮೇಲೆ ಎರಡೂ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂತಿದ್ದರು. ಕೂದಲು ಜಡೆಗಟ್ಟಿತ್ತು. "ಕೈನೋವು ಹೆಂಗೋ ತಡ್ಕೋತೀನಿ ಅಣ್ಣ, ಈ ತಲೆ ಸಿಕ್ಕು ತಡಿಯಕ್ಕಾಗಲ್ಲ" ಎಂದರು.

ದೊಡ್ಡಪ್ಪ ಬಾಚಣಿಗೆ ಹಿಡಿದು ತಂಗಿಯ ಹಿಂದೆ ಕೂತರು. ಅಜ್ಜಿ ತೀರಿಕೊಂಡಾಗ ಅತ್ತೆಗೆ ಆರು ವರ್ಷವಂತೆ. ಆಮೇಲೆ ದಿನಾ ಸ್ಕೂಲಿಗೆ ಹೋಗುವ ಮುಂಚೆ ಜಡೆ ಹಾಕುತ್ತಿದ್ದವರು ಈ ಅಣ್ಣನೇ ಎಂಬುದು ನನಗೆ ಅವತ್ತು ಗೊತ್ತಾಯಿತು.

"ಬೈತಲೆ ಸೊಟ್ಟ ಆಗ್ತಿದೆ."

"ಅಲ್ಲಾಡ್ಬೇಡ, ಸುಮ್ನೆ ಕೂತ್ಕೋ."

ಬೆರಳಷ್ಟೂ ದಪ್ಪವಿಲ್ಲದ ಆ ಬಿಳಿ ಜಡೆಯನ್ನು ಹೆಣೆದು ಮುಗಿಸಿ, ತುದಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, ದೊಡ್ಡಪ್ಪ ಕೋಣೆಯ ಸುತ್ತ ರಿಬ್ಬನ್ ಹುಡುಕುತ್ತಿದ್ದರು.